ಕೊತ್ತಂಬರಿ ಸಾಲಿನ ಪಂಕ್ತಿಭೇದ

ಬೂಷ್ಟು ಬೆಳೆಸಿ ಹೊಟ್ಟೆ ಹೊರೆಯುವವನ ಸುತ್ತ ಇಂಥವು ನಡೆಯದೆ ಇರುವುದಿಲ್ಲ. ಪುಣೆಯಿಂದ ಚಾಕಣಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಪ್ರಯೋಗಾಲಯ. ಜೀರಿಗೆ, ಕೊತ್ತಂಬರಿ, ಮೆಂತ್ಯದ ಬೇರಿಗೆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ. ಅದನ್ನು ತಿಂದುಹಾಕುವ ಇನ್ನೊಂದು ಹಸಿರು ಶಿಲೀಂಧ್ರ ಟ್ರೈಕೋಡರ್ಮಾ. ಅದನ್ನು ಬೆಳೆಸಿ, ಪುಡಿ ಮಾಡಿ ರೈತರಿಗೆ ಕೊಡುವುದು ನಮ್ಮ ಕೆಲಸ. ಮುಂದೆ ಹೇಳುವುದೆಲ್ಲ ನಿಜ. ಉಪ್ಪು ಖಾರ ಮಾತ್ರ ನನ್ನದು.

೧. ಮನೆಯ ಮಾಲು

ಒಮ್ಮೆ ಹೆಂಡತಿ ಹಾಕಿದ ನಿಂಬೆ ಉಪ್ಪಿನಕಾಯಿಗೆ ಹಸಿರು ಬೂಷ್ಟು ಬಂತು. ಧಾರವಾಡದವಳು, ಉಪ್ಪಿನಕಾಯಿ ಕೆಟ್ಟರೆ ಮಾನ ಹೋದಂತೆ. ನಾನು ಕನ್ನಡಕ ಏರಿಸಿ ಭರಣಿಯೊಳಗೆ ಇಣುಕಿ, “ಭಾಳ ಛಲೋ ಬೆಳದದ. ನಮ್ಮ ಲ್ಯಾಬಿನ ಮೇಡಂಗೂ ಇಷ್ಟು ಬರೋದಿಲ್ಲ” ಅಂದೆ. ಅವಳು ಭರಣಿ ಕಸಿದುಕೊಂಡು ಮುಚ್ಚಳ ಹಾಕಿದಳು. ಮರುದಿನ ಆಫೀಸಿನಲ್ಲಿ ಡಬ್ಬಿ ತೆಗೆದರೆ ಚಪಾತಿ ಇಲ್ಲ, ಪಲ್ಯ ಇಲ್ಲ, ತುಂಬ ಅದೇ ಉಪ್ಪಿನಕಾಯಿ. ಫೋನ್ ಮಾಡಿದೆ.

“ಮೇಡಂಗ ತೋರಸ್ರಿ,” ಅಂದಳು, “ಪಗಾರ ಹೆಚ್ಚು ಮಾಡ್ತಾರ.”

೨. ಮುನ್ನೆಚ್ಚರಿಕೆ

ಬೆಳಗಾವಿ ಕಡೆಯ ಒಬ್ಬ ರೈತರ ಫೋನು.

“ಸಾಹೇಬ್ರ, ನಿಮ್ಮ ಪುಡಿಗೆ ಬೂಷ್ಟು ಹಿಡದದ. ಹಸರಾಗೇದ.”

“ಅದು ಬೂಷ್ಟಿನ ಪುಡೀನ ರೀ. ಹಸರಾದಷ್ಟೂ ಛಲೋ.”

“ಮೊದಲ ಹೇಳಬೇಕಲ್ರಿ. ನಾ ಅದರಾಗ ಬೂಷ್ಟು ಸಾಯೋ ಔಷಧ ಕಲಸಿಬಿಟ್ಟೆ.”

“ಯಾಕ್ರಿ?”

“ನಿಮ್ಮ ಮಾಲು ಕೆಡಬಾರದಂತ.”

ಹೊಸ ಪಾಕೀಟು ಕಳಿಸಿದೆವು. ಮೇಲೆ ನಾನೇ ದಪ್ಪಕ್ಷರದಲ್ಲಿ ಬರೆದೆ: ದಯವಿಟ್ಟು ಕಾಪಾಡಬೇಡಿ.

೩. ಸಾಯದ ಸಾಲು

ನಮ್ಮ ಪುಡಿ ಕೊಳ್ಳಬೇಕೋ ಬೇಡವೋ ಎಂದು ನೋಡಲು ಒಂದು ರೈತ ಸಂಘದವರು ಬರುವವರಿದ್ದರು. ಮೇಡಂ ಎರಡು ಸಾಲು ಕುಂಡಗಳಲ್ಲಿ ಕೊತ್ತಂಬರಿ ಹಾಕಿಸಿದರು. ಎರಡರ ಮಣ್ಣಿಗೂ ಸೊರಗು ರೋಗದ ಶಿಲೀಂಧ್ರ ಬೆರೆಸಿತ್ತು. ಒಂದು ಸಾಲಿಗೆ ನಮ್ಮ ಪುಡಿ. ಇನ್ನೊಂದಕ್ಕೆ ಏನೂ ಇಲ್ಲ. ಅದಕ್ಕೆ ಕಂಟ್ರೋಲ್ ಅನ್ನುತ್ತೇವೆ. ಅದು ಸಾಯಬೇಕು, ಇದು ಬದುಕಬೇಕು. ನಾನು ಸುಮ್ಮನಿರಲಾರದೆ ಕಂಟ್ರೋಲ್ ಕುಂಡಗಳಿಗೆ ಆಫೀಸಿನವರ ಹೆಸರೆಲ್ಲ ಮರಾಠಿಯಲ್ಲಿ ಬರೆದು ಅಂಟಿಸಿದೆ, ಯಾರು ಮೊದಲು ಹೋಗುತ್ತಾರೆ ನೋಡೋಣ ಅಂತ. ನನ್ನದನ್ನೂ ಬಿಡಲಿಲ್ಲ.

ಯಾರೂ ಹೋಗಲಿಲ್ಲ. ಕಂಟ್ರೋಲ್ ಸಾಲು ನಳನಳಿಸಿತು. ಮೇಡಂ ಮೈಸೂರಿನವರು, ಕೋಪದಲ್ಲೂ ಮೆತ್ತಗೆ ಮಾತಾಡುವವರು.

“ಸರ್, ಇದು ಹೀಗೇ ಇದ್ರೆ ನಮ್ಮ ಪ್ರಾಜೆಕ್ಟ್ ಮುಚ್ಚಿಬಿಡ್ತಾರೆ. ನಾಳೆ ಬರ್ತಿದ್ದಾರೆ ಅವ್ರು.”

“ಮೇಡಂ, ನಮ್ಮ ಆಫೀಸಿನವರು ಯಾವ ಕೆಲಸಾನ ಹೇಳಿದ ದಿನಕ್ಕ ಮುಗಿಸ್ಯಾರ?” ಅಂದೆ.

೪. ಪಂಕ್ತಿ

ಸಂಘದವರು ಬಂದರು. ಎರಡೂ ಸಾಲು ಹಸಿರು. ಮುಖ್ಯಸ್ಥರು ಕೈಕಟ್ಟಿ, “ಪುಡಿ ಹಾಕಿದ್ದು ಯಾವುದು?” ಅಂದರು. ಮೇಡಂ ಪುಡಿ ಹಾಕಿದ ಸಾಲಿಗೆ ಬೆರಳು ತೋರಿದರು. ಅಷ್ಟರಲ್ಲಿ ಆ ತಂಡದ ಒಬ್ಬ ರೈತರು ಸಾಲಿನ ತುದಿಗೆ ಹೋಗಿ ಬಗ್ಗಿದರು. “ಇದೊಂದೇ ಯಾಕೆ ಸತ್ತಿದೆ?”

ನೋಡಿದರೆ ನನ್ನ ಹೆಸರಿನ ಕುಂಡ. ರಾತ್ರಿ ಕಳೆಯುವುದರೊಳಗೆ ಪೂರ್ತಿ ಜೋತುಬಿದ್ದಿತ್ತು.

ಕುಂಡಗಳಿಗೆ ನೀರು ಹಾಕುವ ಕೆಲಸದಾಕೆ, ನಾವೆಲ್ಲ ಮಾವಶಿ ಅಂದರೆ ಚಿಕ್ಕಮ್ಮ ಎಂದು ಕರೆಯುವವರು, ಮುಂದೆ ಬಂದು ಮರಾಠಿಯಲ್ಲಿ ಹೇಳಿದರು: “ಒಂದು ಸಾಲಿಗೆ ಬಡಿಸಿ ಇನ್ನೊಂದನ್ನ ಉಪವಾಸ ಕೆಡವೋದು ಪಾಪ ಅಲ್ವಾ? ಮೊದಲಿನಿಂದ ದಿನಾ ಆ ಸಾಲಿಗೂ ನಾನೇ ಒಂದೊಂದು ಮುಷ್ಟಿ ಪುಡಿ ಹಾಕ್ತಿದ್ದೆ.”

“ಮತ್ತೆ ಇದಕ್ಕೆ?” ಅಂದರು ಆ ರೈತರು.

“ಇದು ಇವರದು,” ನನ್ನ ಕಡೆ ಕೈ ತೋರಿದರು. “ದಿನಾ ನನ್ನ ಚಹಾದ ಗ್ಲಾಸು ಅಡಗಿಸಿಡ್ತಾರೆ.”

ಆ ರೈತರು ನಗುತ್ತ ಸತ್ತ ಗಿಡ ಕಿತ್ತು ಕಪ್ಪಾದ ಬೇರು ತೋರಿಸಿದರು. ಪಕ್ಕದ ಕುಂಡದ್ದನ್ನೂ ಕಿತ್ತರು, ಬೇರು ಬೆಳ್ಳಗಿತ್ತು. ಮಣ್ಣು ಅದೇ, ರೋಗ ಅದೇ. ಮುಖ್ಯಸ್ಥರ ಕೈಕಟ್ಟು ಬಿಚ್ಚಿತು. ಮೊದಲು ಎರಡು ಹಳ್ಳಿಯಲ್ಲಿ ಹಾಕಿ ನೋಡೋಣ ಎಂದು ಒಪ್ಪಿದರು. ಮೇಡಂ ಮಾವಶಿಯನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ, ನನ್ನನ್ನು ಬೈದರು.

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. “ಆ ಮಾವಶಿನ್ನ ರವಿವಾರ ಊಟಕ್ಕ ಕರ್ಕೊಂಡು ಬರ್ರಿ” ಅಂದಳು.

ಮಾವಶಿ ಬಂದರು. ಸಾಲಾಗಿ ಕೂತೆವು. ಹೆಂಡತಿ ಎಲ್ಲರಿಗೂ ಬಿಸಿ ಹೋಳಿಗೆ, ಮೇಲೆ ತುಪ್ಪ ಬಡಿಸುತ್ತ ಬಂದವಳು ನನ್ನ ತಾಟು ದಾಟಿ ಮುಂದೆ ಹೋದಳು.

“ಏ, ನನಗ?”

“ನೀವು ಕಂಟ್ರೋಲ್ ರೀ.”