ಪೀಪಾಯಿಗೆ ಇಳಿದ ದೇವತೆಗಳು

“ಒಂದು ಹನಿ! ಇದರಲ್ಲಿ ಒಂದೇ ಒಂದು ಹನಿ ಆಚೀಚೆಯಾದರೆ ನನ್ನ ಹೆಸರು ಬದಲಾಯಿಸಿ!”

ಅಳತೆ ಸಾಹೇಬರು ಹೀಗೆ ಘೋಷಿಸಿದಾಗ ಮನೆಯವರೆಲ್ಲ ಊಟದ ಮೇಜಿನ ಸುತ್ತ ಕುಳಿತಿದ್ದರು. ಮೇಜಿನ ನಡುವೆ, ಸಾರಿನ ಪಾತ್ರೆಯನ್ನು ಪಕ್ಕಕ್ಕೆ ತಳ್ಳಿ, ಓಕ್ ಮರದ ಪುಟ್ಟ ಪೀಪಾಯಿಯೊಂದು ವಿರಾಜಮಾನವಾಗಿತ್ತು.

ಸಾಹೇಬರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅವರು ರಸ್ತೆಯ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯ ಅಂಗಡಿಯವನ ತಕ್ಕಡಿ ತಾನಾಗಿಯೇ ಸಮನಾಗುತ್ತಿತ್ತೆಂದು ಪ್ರತೀತಿ. ಇನ್ನು ಪೀಪಾಯಿಯ ವಿಚಾರ. ಅವರ ಮಗಳು ಮೆಚ್ಚಿದ ಹುಡುಗನ ತಂದೆ ವಿಸ್ಕಿ ಕಾರ್ಖಾನೆಯಲ್ಲಿ ಮಿಶ್ರಣಗಾರರು. ಪೀಪಾಯಿಗಳಿಗೆ ಮೂಗು ಒಡ್ಡಿ, ಯಾವುದಕ್ಕೆ ಯಾವುದನ್ನು ಬೆರೆಸಿದರೆ ಚೆನ್ನ ಎಂದು ಹೇಳುವುದೇ ಅವರ ಉದ್ಯೋಗ. ಅವರು ಮಗನ ಕೈಯಲ್ಲಿ ಪೀಪಾಯಿಯನ್ನೂ ಒಂದು ಮಾತನ್ನೂ ಕಳಿಸಿದ್ದರು: “ಇದು ಎಳೆಯ ವಿಸ್ಕಿ. ನಿಮ್ಮ ಮನೆಯ ತಂಪು ಮೂಲೆಯಲ್ಲಿ ಬೆಳೆಯಲಿ. ಬೇಸಿಗೆ ಕಳೆದ ಮೇಲೆ ನಾನೇ ಬಂದು ತೆರೆಯುತ್ತೇನೆ. ಸವಿಯುತ್ತ ಮದುವೆಯ ಮಾತು ಮುಗಿಸೋಣ.”

“ಅಪ್ಪ, ನೀವು ಅದನ್ನ ಮುಟ್ಟದೆ ಇದ್ದರೆ ಸಾಕು,” ಎಂದಳು ಮಗಳು. “ನನ್ನ ಮದುವೆ ಆ ಪೀಪಾಯಿಯ ಒಳಗಿದೆ.”

“ಮುಟ್ಟುವ ಮಾತೆಲ್ಲಿ ಬಂತು? ಕಾಯುತ್ತೇನೆ!”

ಕಾಯುವವನಿಗೆ ಕಾಯುವ ವಸ್ತುವಿನ ಜ್ಞಾನ ಬೇಡವೇ? ಸಾಹೇಬರು ಗ್ರಂಥಾಲಯದಿಂದ ದಪ್ಪ ಪುಸ್ತಕ ತಂದು ಓದಿದರು. ಓದಿ ಬೆರಗಾದರು. ಬೆರಗು ಊಟದ ಹೊತ್ತಿಗೆ ಉಪನ್ಯಾಸವಾಯಿತು.

“ವಿಸ್ಕಿ ಅಂದರೆ ಏನೆಂದುಕೊಂಡಿರಿ? ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆ ‘ಇನ್ನೇನು ಗಿಡವಾದೆ’ ಎಂದು ಹಿಗ್ಗುವಷ್ಟರಲ್ಲಿ ಬಿಸಿ ಕೊಟ್ಟು ನಿಲ್ಲಿಸುತ್ತಾರೆ. ನುಚ್ಚು ಮಾಡಿ, ಬಿಸಿನೀರಿಗೆ ಅದರ ಸಿಹಿ ಇಳಿಸಿ, ಹುದುಗು ಬರಿಸಿ, ತಾಮ್ರದ ಹಂಡೆಯಲ್ಲಿ ಕಾಯಿಸಿ, ಆವಿ ಹಿಡಿದು, ವರ್ಷಗಟ್ಟಲೆ ಮರದೊಳಗೆ ಮಲಗಿಸುತ್ತಾರೆ. ಎಂಥ ತಾಳ್ಮೆ! ಎಂಥ ಕಲೆ!”

“ಅಷ್ಟೆಲ್ಲ ಮಾಡಿ ಕೊನೆಗೆ ಚರಂಡಿಯಲ್ಲಿ ಬೀಳೋದು,” ಎಂದರು ಸಾಹೇಬರ ಅತ್ತೆಯವರು.

“ಅತ್ತೆ, ಕೆಲವು ಸ್ಕಾಚ್‌ಗಳು ಥೇಟ್ ನಿಮ್ಮ ಹಾಗೆ! ಮೊಳಕೆಯನ್ನು ಒಣಗಿಸುವಾಗ ಜೌಗುನೆಲದ ಪೀಟ್ ಮಣ್ಣನ್ನು ಉರಿಸಿ ಹೊಗೆ ಹಾಕುತ್ತಾರೆ. ಬಾಯಿಗಿಟ್ಟರೆ ಮೊದಲು ಬರೀ ಹೊಗೆ. ಸಿಹಿ ತಿಳಿಯಬೇಕಾದರೆ ಬಹಳ ಹೊತ್ತು ಕಾಯಬೇಕು.”

“ಇಷ್ಟು ವರ್ಷ ಕಾದಿದ್ದೀರಿ ಅಳಿಯಂದ್ರೇ, ಇನ್ನೊಂದಿಷ್ಟು ಕಾಯಿರಿ.”

ಸಾಹೇಬರು ಹೆಂಡತಿಯ ಕಡೆಗೆ ತಿರುಗಿದರು. “ಐರಿಷ್ ಅಂದರೆ ನೀನು. ಸಾಮಾನ್ಯವಾಗಿ ಮೂರು ಸಲ ಬಟ್ಟಿ ಇಳಿಸುತ್ತಾರೆ. ಒರಟೆಲ್ಲ ಹೋಗಿ ನಯವೋ ನಯ!”

“ಮೂರೇ ಸಲವಾ? ನೀವು ನನ್ನ ಬೆವರಿಳಿಸಿದ್ದಕ್ಕೆ ಲೆಕ್ಕವೇ ಇಲ್ಲ!”

ಅವರ ಮನೆಯಲ್ಲೇ ಬಿಡಾರ ಹೂಡಿದ್ದ ಭಾವಮೈದುನ ನಕ್ಕ. ತಕ್ಷಣ ಬಾಣ ಅವನ ಕಡೆ ಹೊರಳಿತು. “ನೀನು ಅಮೆರಿಕದ ಬೂರ್ಬನ್. ಅರ್ಧಕ್ಕಿಂತ ಹೆಚ್ಚು ಮುಸುಕಿನ ಜೋಳ, ಆದ್ದರಿಂದ ಮಾತೆಲ್ಲ ಸಿಹಿ. ಅದಕ್ಕೆ ಪ್ರತಿ ಸಲವೂ ಒಳಗೆಲ್ಲ ಸುಟ್ಟು ಕರಿ ಮಾಡಿದ ಹೊಸ ಪೀಪಾಯಿಯೇ ಬೇಕು. ನಿನಗೆ ಪ್ರತಿ ಸಲವೂ ಹೊಸ ಕೆಲಸ ಬೇಕಾದ ಹಾಗೆ.”

“ಹಾಗಾದ್ರೆ ನೀವು ಯಾವ ಬಗೆ, ಭಾವ?”

“ನಾನೇ? ರೈ! ಆ ಧಾನ್ಯದ ವಿಸ್ಕಿ ಖಾರ, ಖಡಕ್, ನೇರ!”

“ನೀವು ಸೋಡಾ,” ಎಂದರು ಹೆಂಡತಿ. “ಬರೀ ಗುಳ್ಳೆ.”

ಸಾಹೇಬರು ಅದನ್ನು ಕೇಳಿಸಿಕೊಳ್ಳದವರಂತೆ ಪುಸ್ತಕದ ಇನ್ನೊಂದು ಪುಟ ತಿರುವಿದರು. “ಇಲ್ಲಿ ಕೇಳಿ, ಎಷ್ಟು ಸೊಗಸಾಗಿದೆ! ಪೀಪಾಯಿಯಲ್ಲಿಟ್ಟ ವಿಸ್ಕಿ ಮರದ ಮೂಲಕ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುತ್ತದಂತೆ. ಅದಕ್ಕೆ ದೇವತೆಗಳ ಪಾಲು ಎಂದು ಹೆಸರು. ಕಡಿಮೆಯಾದರೆ ಯಾರನ್ನೂ ಕೇಳುವ ಹಾಗಿಲ್ಲ!”

ಮೇಜಿನ ಸುತ್ತ ಮೂರು ಜೋಡಿ ಕಿವಿಗಳು ನೆಟ್ಟಗಾದುದನ್ನು ಸಾಹೇಬರು ಗಮನಿಸಲಿಲ್ಲ.

ಪೀಪಾಯಿ ಮೆಟ್ಟಿಲ ಕೆಳಗಿನ ಕತ್ತಲೆಯ ಗೂಡನ್ನು ಸೇರಿತು. ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದರೂ, ಪರೀಕ್ಷೆ ಮಾಡುವುದನ್ನು ಮುಟ್ಟುವುದೆನ್ನಲಾಗದು. ಸಾಹೇಬರು ಬೆಳಿಗ್ಗೆಯೂ ಸಂಜೆಯೂ ಬಿರಡೆ ತೆಗೆದು, ಗುರುತು ಹಾಕಿದ ಕಡ್ಡಿ ಇಳಿಸಿ ಮಟ್ಟ ನೋಡುವರು. ಅನಂತರ ಗಾಜಿನ ಸಣ್ಣ ಲೋಟಕ್ಕೆ ಒಂದು ಮಾದರಿ ತೆಗೆದು ಬೆಳಕಿಗೆ ಹಿಡಿಯುವರು. “ಆಹಾ! ಬಣ್ಣ ಏರುತ್ತಿದೆ!” ಎಂದು ಮೆಚ್ಚುವರು. ಸ್ವಲ್ಪ ಹೊತ್ತಿನ ಮೇಲೆ ಖಾಲಿ ಲೋಟವನ್ನು ತೊಳೆದು ಬೋರಲು ಹಾಕುವರು.

ಅತ್ತ ಮನೆಯಲ್ಲಿ ವಿಚಿತ್ರ ಶುಭಗಳು ಸಂಭವಿಸತೊಡಗಿದವು. ಅತ್ತೆಯವರ ಮೊಣಕಾಲ ನೋವು ಇಳಿಯಿತು. ಹೆಂಡತಿ ಮಾಡಿದ ಕೇಕಿಗೆ ಪಕ್ಕದ ಮನೆಯವರು ಪಾಕವಿಧಾನ ಕೇಳಿಕೊಂಡು ಬಂದರು. ಭಾವಮೈದುನ ಸ್ನಾನದ ಮನೆಯಲ್ಲಿ ಹಾಡತೊಡಗಿದ. ಇತ್ತ ಕಡ್ಡಿ ದಿನೇ ದಿನೇ ಹೆಚ್ಚು ಒಣಗಿ ಮೇಲೆ ಬರುತ್ತಿತ್ತು.

ಬೀಗರು ಬರುವ ಹಿಂದಿನ ದಿನ ಸಾಹೇಬರು ಕಡ್ಡಿ ಹಿಡಿದುಕೊಂಡೇ ಅಡುಗೆಮನೆಗೆ ಓಡಿಬಂದರು. “ಅರ್ಧಕ್ಕಿಂತ ಕೆಳಗೆ ಹೋಗಿದೆ! ದೇವತೆಗಳಿಗೂ ಒಂದು ಮಿತಿ ಬೇಡವೇ? ಬೀಗರು ಏನೆಂದುಕೊಂಡಾರು? ಈ ಮದುವೆ ಮುರಿದು ಬಿದ್ದರೆ ಹುಡುಗಿಯ ಗತಿ ಏನು?”

ಅಂದು ಮಧ್ಯಾಹ್ನ ಸಾಹೇಬರು ಕ್ಷೌರಕ್ಕೆಂದು ಹೋಗಿದ್ದಾಗ ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ಮೂರು ಸಲ ಕಿರುಗುಟ್ಟಿತು.

ಸಂಜೆ ಬಿರಡೆ ತೆಗೆದವರೇ ಸಾಹೇಬರು ಕೂಗಿಕೊಂಡರು. “ತುಂಬಿದೆ! ತುಳುಕುತ್ತಿದೆ! ದೇವತೆಗಳು ತಮ್ಮ ಪಾಲನ್ನು ಹಿಂದಕ್ಕೆ ಕೊಟ್ಟಿದ್ದಾರೆ! ಪುಸ್ತಕದಲ್ಲಿ ಇದು ಇಲ್ಲವೇ ಇಲ್ಲ!” ಆನಂದದ ಭರದಲ್ಲಿ ಅಂದು ಮಾದರಿ ತೆಗೆಯುವುದನ್ನೇ ಮರೆತರು.

ಮರುದಿನ ಬೀಗರು ಬಂದರು. ಅಷ್ಟು ಹೆಸರಾಂತ ಮೂಗು ನೋಡಲು ತೀರಾ ಸಾಮಾನ್ಯವಾಗಿದ್ದುದು ಸಾಹೇಬರಿಗೆ ತುಸು ನಿರಾಸೆಯನ್ನೇ ಉಂಟುಮಾಡಿತು. ಬೀಗರು ಪೀಪಾಯಿ ತೆರೆದರು; ಮಗಳು ತುಂಬಿಸಿ ಕೊಟ್ಟ ಲೋಟವನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿದರು.

“ಚಹಾ,” ಎಂದರು ಬೀಗರು.

“ಈಗಲೇ ಮಾಡಿಸುತ್ತೇನೆ!”

“ಬೇಡ. ಇದರಲ್ಲೇ ಇದೆ.”

ಹೆಂಡತಿ ಸೆರಗಿನ ತುದಿಯನ್ನು ಬಹಳ ಆಸಕ್ತಿಯಿಂದ ನೋಡಿಕೊಂಡರು. ಬೀಗರು ಒಂದು ಗುಟುಕು ಕುಡಿದರು. “ಸುಟ್ಟ ಸಕ್ಕರೆಯ ನೀರು.” ಭಾವಮೈದುನನಿಗೆ ಕೆಮ್ಮು ಹತ್ತಿತು. ಇನ್ನೊಂದು ಗುಟುಕು. “ಜೇನು. ಶುಂಠಿ ಕೂಡ ಇದೆ, ಒಳ್ಳೆಯ ಶುಂಠಿ.”

“ಒಳ್ಳೇದನ್ನೇ ಹಾಕಿದ್ದು, ಬೀಗರಲ್ಲವೇ ಕುಡಿಯೋರು!” ಎಂದುಬಿಟ್ಟರು ಅತ್ತೆಯವರು.

ಕಟ್ಟೆ ಒಡೆಯಿತು. ಅತ್ತೆಯವರು ಮೊಣಕಾಲಿಗೆ ಸವರಿಕೊಂಡದ್ದು, ಹೆಂಡತಿ ಕೇಕಿಗೆ ಒಂದು ಬಟ್ಟಲು ಸುರಿದದ್ದು, ಭಾವಮೈದುನ ಗಂಟಲು ಒಣಗಿದಾಗಲೆಲ್ಲ ಒದ್ದೆ ಮಾಡಿಕೊಂಡದ್ದು ಎಲ್ಲ ಹೊರಬಿತ್ತು.

“ಕಳ್ಳರು!” ಎಂದು ಗುಡುಗಿದರು ಸಾಹೇಬರು. “ನನ್ನ ಕಣ್ಣೆದುರಿಗೇ!”

“ಸ್ವಲ್ಪ ತಾಳಿ,” ಎಂದರು ಬೀಗರು ಸಮಾಧಾನದಿಂದ. “ರುಚಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಬೆರಕೆಯೇ ಇದೆ. ಇವರು ತೆಗೆದದ್ದೆಲ್ಲ ಕೂಡಿಸಿದರೂ ಕಡಿಮೆಯಾದದ್ದರ ಕಾಲು ಭಾಗವಾಗುವುದಿಲ್ಲ. ನೀವೇನಾದರೂ...?”

“ಛೆ ಛೆ! ನಾನು ಮಾದರಿ ಪರೀಕ್ಷೆ ಮಾಡಿದ್ದೇನೆ, ಅಷ್ಟೇ!”

“ಪರೀಕ್ಷೆಯಾದ ಮೇಲೆ ಮತ್ತೆ ಪೀಪಾಯಿಗೇ ಸುರಿದಿರಿ ತಾನೇ?”

“ಅದು ಹೇಗಾದೀತು? ತೆಗೆದ ಮಾದರಿಯನ್ನು ಮತ್ತೆ ಸರಕಿಗೆ ಸೇರಿಸಕೂಡದು. ಇಲಾಖೆಯ ನಿಯಮ!”

“ಮತ್ತೆ?”

ಸಾಹೇಬರ ದನಿ ಇಳಿಯಿತು. “ವಿಲೇವಾರಿ ಮಾಡಿದೆ.”

“ಬೆಳಿಗ್ಗೆ ಒಂದು ವಿಲೇವಾರಿ, ಸಂಜೆ ಒಂದು ವಿಲೇವಾರಿ!” ಎಂದರು ಹೆಂಡತಿ. “ಆಮೇಲೆ ಕುರ್ಚಿಯಲ್ಲಿ ಗೊರಕೆ! ನಾನು ವಯಸ್ಸಾಯಿತು ಅಂದುಕೊಂಡಿದ್ದೆ!”

“ಅಪ್ಪ!” ಎಂದ ಮಗಳ ಕಣ್ಣಲ್ಲಿ ನೀರು ತುಂಬಿತ್ತು. “ಮುಟ್ಟಬೇಡಿ ಅಂದಿದ್ದೆನಲ್ಲ? ಎಲ್ಲ ಹಾಳಾಯಿತು.”

ಆದರೆ ಬೀಗರು ಲೋಟವನ್ನು ಮತ್ತೆ ಮುಂದೆ ಚಾಚಿದ್ದರು. “ಇನ್ನೊಂದು ಸ್ವಲ್ಪ ಹಾಕಮ್ಮ. ನನ್ನ ಆಯುಷ್ಯವೆಲ್ಲ ಪೀಪಾಯಿಗೆ ಪೀಪಾಯಿ ಹೊಂದಿಸುವುದರಲ್ಲೇ ಕಳೆಯಿತು. ಒಂದು ಹುಡುಗಿಯ ಮದುವೆ ಉಳಿಯಲೆಂದು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಇಡೀ ಮನೆಯೇ ಸೇರಿ ಬೆರೆಸಿದ್ದನ್ನು ಕುಡಿದದ್ದು ಇದೇ ಮೊದಲು. ವಿಸ್ಕಿ ಎನ್ನಲಾರೆ. ಆದರೆ ನನ್ನ ಮಗ ಇಂಥ ಮನೆಯ ಅಳಿಯನಾದರೆ ನನಗೆ ಸಂತೋಷ.”

ಮಗಳು ಅಳುತ್ತಲೇ ನಕ್ಕಳು. ಸಾಹೇಬರು ಮಾತ್ರ ಮೆಲ್ಲನೆ ಎದ್ದು, ಕಡ್ಡಿಯನ್ನು ಕಂಕುಳಲ್ಲಿ ಇರುಕಿಕೊಂಡು, ಮೆಟ್ಟಿಲ ಕೆಳಗಿನ ಗೂಡಿನೊಳಗೆ ಮರೆಯಾದರು. ಅವರ ಉಳಿದ ಮಾನಕ್ಕೆ ಅದಕ್ಕಿಂತ ದೊಡ್ಡ ಜಾಗ ಬೇಕಿರಲಿಲ್ಲ.

ಹೆಸರು ಬದಲಾಯಿಸುವ ಮಾತನ್ನು ಅವರು ಮರೆತಿದ್ದರು. ಅತ್ತೆಯವರು ಮರೆತಿರಲಿಲ್ಲ. ಹೊರಗಿನಿಂದ ಅವರ ದನಿ ಕೇಳಿಸಿತು:

“ದೇವತೆಗಳೇ, ಬನ್ನಿ ಈಚೆಗೆ! ಈ ಸಲ ನಿಜವಾದ ಚಹಾ, ಆರಿ ಹೋಗ್ತಿದೆ. ಮಾದರಿ ನೋಡೋದೇನೂ ಬೇಡ, ಪೂರ್ತಿ ಕುಡೀರಿ!”