ಚುಕ್ಕಿಯಿಲ್ಲದ ಗಿಟಾರ್

ನಮ್ಮ ಮನೆ ಹಾರಂಗಿ ಹತ್ತಿರ. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು, ಜೊತೆಗೆ ಎಲೆಕ್ಟ್ರಿಕ್ ಗಿಟಾರ್ ವಾದಕ. ಎರಡನೆಯದನ್ನು ನನ್ನ ಹೊರತು ಯಾರೂ ಇನ್ನೂ ಅಧಿಕೃತವಾಗಿ ಒಪ್ಪಿರಲಿಲ್ಲ.

ಗಿಟಾರಿನ ಕತ್ತಿನುದ್ದಕ್ಕೂ ಅಡ್ಡ ಕಂಬಿಗಳಿರುತ್ತವೆ. ಎರಡು ಕಂಬಿಗಳ ನಡುವಿನ ಜಾಗ ಒಂದು ಮನೆ. ಬೆರಳು ದಾರಿ ತಪ್ಪದಿರಲೆಂದು ಮೂರು, ಐದು, ಏಳು, ಒಂಬತ್ತು, ಹನ್ನೆರಡನೇ ಮನೆಗಳಲ್ಲಿ ಬಿಳಿ ಚುಕ್ಕಿ ಕೂರಿಸಿರುತ್ತಾರೆ. ನನ್ನ ಹಳೆಯ ಕೆಂಪು ಗಿಟಾರಿನಲ್ಲೂ ಅವಿದ್ದವು. ಒಮ್ಮೆ ಮೊಬೈಲಿನಲ್ಲಿ ಯಾರೋ ವಿದ್ವಾಂಸರು ಒಂದೂ ಚುಕ್ಕಿಯಿಲ್ಲದ ಗಿಟಾರನ್ನು ಕಣ್ಣು ಮುಚ್ಚಿ ನುಡಿಸುವುದನ್ನು ಕಂಡೆ. ಚುಕ್ಕಿ ಎಂಬುದು ಕಾಪಿ ಪುಸ್ತಕದ ಗೆರೆಯಂತೆ, ಕಲಿಯುವವರಿಗೆ ಮಾತ್ರ ಎಂದು ನನಗೆ ಜ್ಞಾನೋದಯವಾಯಿತು. ಮುಂದಿನ ಭಾನುವಾರವೇ ಮೈಸೂರಿಗೆ ಹೋಗಿ, ಕೆಂಪನ್ನು ಕೊಟ್ಟು ಚುಕ್ಕಿಯಿಲ್ಲದ ಕಪ್ಪನ್ನು ತಂದೆ.

"ಇದ್ದ ಚುಕ್ಕಿ ನಿಮಗೇನ್ ಮಾಡಿತ್ತು?" ಎಂದಳು ಹೆಂಡತಿ ಹೇಮಾ.

ಅವಳ ಆತಂಕಕ್ಕೆ ಕಾರಣವಿತ್ತು. ತಿತಿಮತಿಯ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿರುವ ಅವಳ ಅಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು. ತವರಿನವರ ಮುಂದೆ ಗಂಡನಿಗೆ ಒಂದಿಷ್ಟು ತೂಕ ಬರಲೆಂದು ಅವಳು ಮದುವೆಯ ಆರ್ಕೆಸ್ಟ್ರಾ ನಡೆಸುವ ವಿಲ್ಸನ್ ಅವರ ಕೈಕಾಲು ಹಿಡಿದು ನನಗೆ ಆರು ಹಾಡು ಕೊಡಿಸಿದ್ದಳು.

ಮನೆಯಲ್ಲಿ ಕುರ್ಚಿಯ ಮೇಲೆ ಕೂತು, ಮನೆಗಳನ್ನು ಎಣಿಸಿಕೊಂಡು, ಸಾವಕಾಶವಾಗಿ ನುಡಿಸಿದಾಗ ಎಲ್ಲವೂ ಸರಿಯಿತ್ತು. ಮದುವೆಯ ದಿನ ಕುಶಾಲನಗರದ ಕಲ್ಯಾಣ ಮಂಟಪದ ವೇದಿಕೆಯಲ್ಲಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ನಿಂತು, ಕೆಳಗೆ ಅದರ ಕತ್ತಿನತ್ತ ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಬರೀ ಕಪ್ಪು. ಎಲ್ಲಿದ್ದೇನೆಂದೇ ತಿಳಿಯಲಿಲ್ಲ.

ಓಡಿಹೋಗಿ, ಮದುಮಗಳಿಗೆ ಹೂ ಮುಡಿಸುತ್ತಿದ್ದ ಹೇಮಾಳ ಹತ್ತಿರ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ಕೇಳಿದೆ. ಅವಳು ಯಾಕೆಂದು ಕೇಳಲಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಆ ಅಭ್ಯಾಸ ಬಿಟ್ಟಿದ್ದಳು. ಉಗ್ರಾಣದಲ್ಲಿ ಎಲೆಕೋಸಿನ ಮೂಟೆಗಳ ನಡುವೆ ಕೂತು, ಹೊಳೆಯುವ ಐದು ಬೊಟ್ಟುಗಳನ್ನು ಅವಸರದಲ್ಲಿ ಅಂಟಿಸಿದೆ. ಏಳನೇ ಮನೆಯ ಬೊಟ್ಟು ಆರನೆಯದರಲ್ಲಿ ಕೂತಿತು. ದಿನವೂ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು ನಾನು!

ವೇದಿಕೆಗೆ ಮರಳಿ ಗಿಟಾರಿನ ವೈರನ್ನು ಸೌಂಡ್ ಬಾಕ್ಸಿಗೆ ಸಿಕ್ಕಿಸಿ, ಏಳನೇ ಮನೆಯ ಮೊದಲ ಹಾಡನ್ನು ಅಪಾರ ವಿಶ್ವಾಸದಿಂದ ಒಂದು ಮನೆ, ಅಂದರೆ ಅರ್ಧ ಸ್ವರ, ಕೆಳಗೆ ಆರಂಭಿಸಿದೆ. ವಿಲ್ಸನ್ ನನ್ನನ್ನೊಮ್ಮೆ ದಿಟ್ಟಿಸಿ, ಗುಂಡಿಯೊತ್ತಿ ತಮ್ಮ ಕೀಬೋರ್ಡನ್ನೂ ಅರ್ಧ ಸ್ವರ ಇಳಿಸಿದರು. ಎರಡನೇ ಹಾಡು ಐದನೇ ಮನೆಯದು. ಅಲ್ಲಿ ಬೊಟ್ಟು ಸರಿಯಾಗಿತ್ತು, ನಾನೂ ಸರಿಯಾದೆ. ಈಗ ಅವರು ಕೆಳಗೆ, ನಾನು ಮೇಲೆ. ಅವರು ಏರಿಸುವ ಹೊತ್ತಿಗೆ ನನ್ನ ಬೆರಳು ಮತ್ತೆ ಆ ತಪ್ಪು ಬೊಟ್ಟಿಗೆ ಜಾರಿತ್ತು. ಹಾಡುವ ಹುಡುಗಿ ಯಾರನ್ನು ನಂಬುವುದೆಂದು ತಿಳಿಯದೆ ನೀರು ಕುಡಿಯತೊಡಗಿದಳು. ಬೆವರಿಗೆ ಒಂದು ಬೊಟ್ಟು ಕಿತ್ತು ಬಂದು ಬೆರಳಿಗಂಟಿಕೊಂಡಿತು. ಅದೇ ಬೆರಳಿನಲ್ಲಿ ಹಣೆ ಒರೆಸಿಕೊಂಡೆ. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡಿದ್ದು ಯಾಕೆಂದು ಆಮೇಲೆ ತಿಳಿಯಿತು.

ಆದರೆ ಮೂರನೇ ಹಾಡಿನ ನಡುವೆ ಎಲ್ಲವೂ ತಾನಾಗಿ ಸರಿಹೋಯಿತು. ಶ್ರುತಿ ಕೂಡಿತು, ಹುಡುಗಿ ನಿರಾಳವಾಗಿ ಹಾಡಿದಳು, ಜನ ಚಪ್ಪಾಳೆ ತಟ್ಟಿದರು. ನಾನು ಆ ವಿದ್ವಾಂಸರಂತೆಯೇ ಕಣ್ಣು ಮುಚ್ಚಿ ತೂಗಾಡುತ್ತ ಆರನೆಯದನ್ನೂ ಮುಗಿಸಿದೆ. ಹೇಮಾಳ ಅಣ್ಣ ಬಂದು ಕೈ ಕುಲುಕಿ, ಕೊನೆಕೊನೆಗೆ ಬಹಳ ಚೆನ್ನಾಗಿತ್ತು ಎಂದರು.

ಊಟದ ಪಂಕ್ತಿಯಲ್ಲಿ ನಾನು ಈ ಮಾತನ್ನು ಮೂರನೇ ಸಲ ಹೇಳಿದಾಗ ಹೇಮಾ ಪಾಯಸ ಬದಿಗಿಟ್ಟಳು.

"ಅಣ್ಣಂಗೆ ಹೇಳ್ಬೇಡಿ. ಮೂರನೇ ಹಾಡಲ್ಲೇ ನಿಮ್ ಬಾಕ್ಸ್ ಆಫ್ ಮಾಡ್ಸಿದ್ದೆ."

ಆ ಪಾಯಸದ ರುಚಿ ನನಗೆ ನೆನಪಿಲ್ಲ.

ವಾರದ ನಂತರ ವಿಲ್ಸನ್ ಫೋನ್ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿದೆ. ಅವರು ಬಹಳ ಮರ್ಯಾದೆಯಿಂದ ಮಾತಾಡಿದರು.

"ಸಾರ್, ಶನಿವಾರಸಂತೇಲಿ ಒಂದು ಪ್ರೋಗ್ರಾಂ ಇದೆ. ನೀವು ನಿಂತ್ರೆ ಸ್ಟೇಜ್ ತುಂಬಿದ ಹಾಗೆ ಕಾಣ್ತದೆ. ಬಂದ್ಬಿಡಿ. ವೈರ್ ಮಾತ್ರ ತರಬೇಡಿ."

ನನಗೂ ಸ್ವಾಭಿಮಾನವಿದೆ. ಡೈರಿ ನೋಡಬೇಕು ಎಂದು ಗಂಭೀರವಾಗಿ ಹೇಳಿದೆ. ಆಮೇಲೆ, ಯಾವ ಬಣ್ಣದ ಶರ್ಟ್ ಹಾಕಿಕೊಂಡು ಬರಲಿ ಎಂದು ಕೇಳಿದೆ.