ಅತ್ತೆಯ ಮೈನಸ್ ಎಂಬತ್ತರ ಸಂಸಾರ

ನಮ್ಮ ಸೋದರತ್ತೆಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ ಎಂದು ಟೊರಾಂಟೊದ ಕನ್ನಡಿಗರು ಮಾತಾಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಮನುಷ್ಯರೆಂದರೆ ಅವರಿಗೆ ಪಂಚಪ್ರಾಣ. ಒಂದೇ ಷರತ್ತು, ಆ ಮನುಷ್ಯರಿಗೆ ಏನಾದರೂ ಸೋಂಕು ತಗುಲಿರಬೇಕು! ಆರೋಗ್ಯವಾಗಿರುವವರ ಜೊತೆ ಏನು ಮಾತಾಡಬೇಕೋ ಅವರಿಗೆ ನಿಜಕ್ಕೂ ತಿಳಿಯುವುದಿಲ್ಲ, ಪಾಪ.

ಯಾರಾದರೂ ಕೆಮ್ಮಿದರೆ ನೀವು ನಾವು ಏನು ಮಾಡುತ್ತೇವೆ? ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ. ಅತ್ತೆ ಒಂದು ಹೆಜ್ಜೆ ಮುಂದೆ ಬರುತ್ತಾರೆ! ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಕೆಮ್ಮುವ ಧೈರ್ಯ ಇದ್ದವರು ಹೊಸದಾಗಿ ಬಂದ ಬಾಡಿಗೆದಾರರು ಮಾತ್ರ. ಹಳಬರು ಕೆಮ್ಮು ಬಂದರೆ ಮೆಟ್ಟಿಲು ಹತ್ತುತ್ತಿದ್ದರು.

ಅತ್ತೆ ಧಾರವಾಡದವರು. ಎಪ್ಪತ್ತರ ದಶಕದಲ್ಲೇ ಇಲ್ಲಿಗೆ ಬಂದು, ಇಲ್ಲಿನ ಒಂದು ಯೂನಿವರ್ಸಿಟಿಯ ಲ್ಯಾಬಿನಲ್ಲಿ ರೋಗ ಹುಟ್ಟಿಸುವ ಬ್ಯಾಕ್ಟೀರಿಯಾಗಳ ಹಿಂದೆ ಬಿದ್ದವರು. ಅವರ ತಲೆ ತಿಂದ ಪ್ರಶ್ನೆ ಒಂದೇ. ಮನುಷ್ಯನ ಶ್ವಾಸಕೋಶ ಕೆಡಿಸುವ ಬ್ಯಾಕ್ಟೀರಿಯಾವೇ ಹಸುವಿನ ಕೆಚ್ಚಲಿಗೆ ಬಾವು ತರಿಸುತ್ತದೆ, ಅದೇ ಬ್ಯಾಕ್ಟೀರಿಯಾ ಸೊಪ್ಪನ್ನೂ ಕೊಳೆಸುತ್ತದೆ. ಎದೆ, ಕೆಚ್ಚಲು, ಎಲೆ! ಮೂರಕ್ಕೂ ಏನಾದರೂ ಸಂಬಂಧ ಇದೆಯೇ? ಮೂರು ಬೀಗಕ್ಕೂ ಒಂದೇ ಕೀಲಿಯನ್ನು ಆ ಪುಟ್ಟ ಜೀವ ಎಲ್ಲಿಂದ ತಂದಿತು? ಇದನ್ನು ಮೊದಲ ಸಲ ಕೇಳಿದಾಗ ನನಗೆ ರೋಮಾಂಚನವಾಗಿಬಿಟ್ಟಿತು. ನಾನು ಓದಿದ್ದು ಬಿ.ಕಾಂ. ಆದರೇನು! ಮಾರನೇ ದಿನವೇ ಲೈಬ್ರರಿಯಿಂದ ದಿಂಬಿನಷ್ಟು ದಪ್ಪದ ಮೈಕ್ರೋಬಯಾಲಜಿ ಪುಸ್ತಕ ಹೊತ್ತು ತಂದೆ. ಬ್ರ್ಯಾಂಪ್ಟನ್ನಿನ ಫ್ರೋಜನ್ ಫುಡ್ ವೇರ್‌ಹೌಸಿನಲ್ಲಿ ನನಗೆ ಕೆಲಸ. ಹೋಗುತ್ತಾ ಬರುತ್ತಾ ಬಸ್ಸಿನಲ್ಲಿ ಆ ಪುಸ್ತಕ ಓದುತ್ತಿದ್ದೆ. ಚಿತ್ರಗಳ ಕೃಪೆಯಿಂದ ಪಕ್ಕದ ಸೀಟು ಸದಾ ಖಾಲಿ!

ಅತ್ತೆಗೆ ಬಂಗಾರ ಇಲ್ಲ, ಬಂಗಲೆ ಇಲ್ಲ. ಇರುವ ಆಸ್ತಿ ಒಂದೇ, ಲ್ಯಾಬಿನ ಕಾರಿಡಾರಿನಲ್ಲಿ ಗೊರಗೊರ ಎನ್ನುತ್ತಾ ನಿಂತ ಒಂದು ಮುದಿ ಫ್ರೀಜರು. ಮೈನಸ್ ಎಂಬತ್ತು ಡಿಗ್ರಿ. ಅದರೊಳಗೆ ಬೆರಳಿನ ಗಾತ್ರದ ಸಾವಿರಾರು ಪ್ಲಾಸ್ಟಿಕ್ ಟ್ಯೂಬುಗಳು. ಒಂದೊಂದರಲ್ಲೂ ಒಂದೊಂದು ಬ್ಯಾಕ್ಟೀರಿಯಾ, ಜೀವಂತವಾಗಿ, ನಿದ್ದೆ ಹೊಡೆಯುತ್ತಾ. ಯಾವುದೋ ಆಸ್ಪತ್ರೆಯಿಂದ, ಯಾವುದೋ ಕೊಟ್ಟಿಗೆಯಿಂದ, ಯಾರದೋ ಕೊಳೆತ ತೋಟದಿಂದ ಅತ್ತೆ ಇಡೀ ಜೀವಮಾನ ಕೂಡಿಸಿದ್ದು. ಇನ್ನೊಂದು ಕಾಪಿ ಎಲ್ಲೂ ಇಲ್ಲ. ಫ್ರೀಜರು ಕರಗಿದರೆ ಅತ್ತೆಯ ಕೆಲಸವೂ ಕರಗಿ ನೀರಾದ ಹಾಗೆಯೇ.

"ಇನ್ನೊಂದು ಫ್ರೀಜರ್ ಕೇಳ್ರಿ ಅತ್ತಿ," ಎಂದೆ ಒಮ್ಮೆ.

"ಕೇಳೀನಿ. ರಿಟೈರ್ ಆಗೋ ಮುದುಕಿಗೆ ಯಾರು ಕೊಡ್ತಾರ? ಇದಕ್ಕ ನನಗಿಂತ ಗಟ್ಟಿ ಜೀವ ಅದ, ಸುಮ್ನಿರು."

ಅತ್ತೆ ತರಕಾರಿ ಕೊಳ್ಳುವುದನ್ನು ನೀವು ನೋಡಬೇಕಿತ್ತು! ಅಂಗಡಿಯಲ್ಲಿ ರೊಮೇನ್ ಲೆಟ್ಯೂಸ್ ಎಂಬ ಸಲಾಡ್ ಸೊಪ್ಪಿನ ಒಂದೊಂದೇ ಕಟ್ಟು ಎತ್ತಿ, ಹೆಣ್ಣು ನೋಡಲು ಬಂದವರ ಹಾಗೆ ತಿರುಗಿಸಿ ತಿರುಗಿಸಿ ನೋಡುವರು. ಒಂದು ಚುಕ್ಕೆ ಇದ್ದರೂ ರಿಜೆಕ್ಟ್! ಅಂಗಡಿಯ ಮುದುಕ ಮೆಚ್ಚಿಕೊಂಡು, "ಮೇಡಂ, ಇಷ್ಟು ಸಲಾಡ್ ತಿಂತೀರಲ್ಲ, ಅದಕ್ಕೇ ಇಷ್ಟು ಹೆಲ್ದಿ!" ಎಂದು ಇಂಗ್ಲಿಷಿನಲ್ಲಿ ಹೊಗಳಿದ.

"ನೋ ನೋ," ಎಂದರು ಅತ್ತೆ ನಗುತ್ತಾ, "ಐ ಡೋಂಟ್ ಈಟ್ ದೆಮ್. ಐ ಮೇಕ್ ದೆಮ್ ಸಿಕ್!"

ಲ್ಯಾಬಿನಲ್ಲಿ ಆ ಎಲೆಯ ನಡುದಿಂಡಿಗೆ ಸೂಜಿಯಲ್ಲಿ ಬ್ಯಾಕ್ಟೀರಿಯಾ ಚುಚ್ಚಿ, ಎಷ್ಟು ಕೊಳೆಯುತ್ತದೆ ಎಂದು ನೋಡುತ್ತಾರೆ, ಅಷ್ಟೇ. ಆದರೆ ಮುದುಕನಿಗೆ ಅದು ಹೇಗೆ ಗೊತ್ತಾಗಬೇಕು? ಮುಂದಿನ ವಾರದಿಂದ ಅತ್ತೆಯನ್ನು ಕಂಡ ಕೂಡಲೇ ಒಳ್ಳೆಯ ಲೆಟ್ಯೂಸನ್ನೆಲ್ಲ ಗಲ್ಲಾದ ಕೆಳಗೆ ಬಚ್ಚಿಡತೊಡಗಿದ.

ಇನ್ನು ನನ್ನ ಮದುವೆ ವಿಷಯ. ಮಿಸಿಸ್ಸಾಗದಿಂದ ಒಬ್ಬ ಹುಡುಗ ಅಮ್ಮನ ಜೊತೆ ನನ್ನನ್ನು ನೋಡಲು ಬಂದ. ಇಂಜಿನಿಯರು, ನೋಡಲು ಲಕ್ಷಣವಾಗಿದ್ದ, ಅವನಿಗೆ ನನ್ನ ಉಪ್ಪಿಟ್ಟೂ ಸೇರಿತ್ತು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಕೆಮ್ಮಿಬಿಟ್ಟನಲ್ಲ ಮಹಾರಾಯ! ನಾನು ಕಣ್ಣು ಮುಚ್ಚಿಕೊಂಡೆ.

ಅತ್ತೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಎಷ್ಟ ದಿನದಿಂದ ಅದನಪಾ?"

"ಒಂದು ವಾರದಿಂದ ಆಂಟಿ."

"ಕಫಾ ಬರ್ತದ? ಬಣ್ಣ ಯಾವದು?"

ಹುಡುಗ ಅವರಮ್ಮನ ಮುಖ ನೋಡಿದ. ಅವರಮ್ಮ ಉಪ್ಪಿಟ್ಟಿನ ಮುಖ ನೋಡಿದರು. "ಸ್ವಲ್ಪ... ಗ್ರೀನ್," ಎಂದ ಪಾಪದವನು.

ಅತ್ತೆಯ ಮುಖದಲ್ಲಿ ಅಂಥ ಬೆಳಕು ನಾನು ಅದುವರೆಗೆ ನೋಡಿರಲಿಲ್ಲ! "ಹಸರ? ಖರೇನ? ಒಂದ ಸ್ವಲ್ಪ ಡಬ್ಬಿಯೊಳಗ ಹಾಕಿ ಕೊಡ್ತಿಯೇನು?"

ಅವರು ಮತ್ತೆ ಫೋನು ಮಾಡಲಿಲ್ಲ. ಅತ್ತೆಗೆ ಮಾತ್ರ ಬಹಳ ದಿನ ಬೇಜಾರು. ಹುಡುಗ ಹೋದ ಅಂತಲ್ಲ, ಕಫ ಹೋಯಿತು ಅಂತ!

ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಕನ್ನಡಿಗರ ಪಾಟ್‌ಲಕ್ ಊಟಕ್ಕೆ ಅತ್ತೆ ಒಂದು ಪಾತ್ರೆ ಮೊಸರನ್ನ ಮಾಡಿಕೊಂಡು ಹೋಗುತ್ತಿದ್ದರು. ಸಾಸಿವೆ, ಇಂಗು, ಹಸಿಶುಂಠಿ, ದಾಳಿಂಬೆ ಕಾಳು, ಆಹಾ! ಯಾರೂ ಮುಟ್ಟುತ್ತಿರಲಿಲ್ಲ. ನಾರ್ತ್ ಯಾರ್ಕಿನ ಪದ್ಮಕ್ಕ ಎನ್ನುವವರು, ಮೈಸೂರಿನ ಕಡೆಯವರು, ಬಹಳ ಒಳ್ಳೆಯ ಮನಸ್ಸು, ಒಮ್ಮೆ ಚಮಚ ಹಿಡಿದು ಮೆಲ್ಲಗೆ ಕೇಳಿದರು.

"ತಪ್ಪು ತಿಳ್ಕೋಬೇಡಿ ಮೇಡಂ, ಇದ್ರಲ್ಲಿ... ಆ ಥರದ್ದು ಏನೂ ಇಲ್ಲ ತಾನೆ?"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅತ್ತೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಲ್ಲದ ಏನು? ಮೊಸರಂದ್ರ ಬ್ಯಾಕ್ಟೀರಿಯಾನ! ಒಂದ ಚಮಚಾದೊಳಗ ಕೋಟಿಗಟ್ಟಲೆ ಅವ. ಎಲ್ಲಾ ಜೀವಂತ!"

ಪಾತ್ರೆ ತುಂಬಿದ್ದು ತುಂಬಿದ ಹಾಗೆಯೇ ಮನೆಗೆ ಬಂತು. ನಾವಿಬ್ಬರೂ ಸೇರಿ ತಿಂದು ಮುಗಿಸಿದೆವು.

ಎರಡು ಸಾವಿರದ ಮೂರರ ವಸಂತದಲ್ಲಿ ಊರಿಗೆ ಸಾರ್ಸ್ ಎಂಬ ಉಸಿರಾಟದ ಪಿಡುಗು ಕಾಲಿಟ್ಟಿತು ನೋಡಿ, ಅತ್ತೆಗೆ ಇದ್ದಕ್ಕಿದ್ದಂತೆ ರಾಜಮರ್ಯಾದೆ! ಪಾಟ್‌ಲಕ್ಕಿನಲ್ಲಿ ದೂರ ಕೂರುತ್ತಿದ್ದವರೆಲ್ಲ ಫೋನಿನ ಮೇಲೆ ಫೋನು. ಮಾಸ್ಕು ಹಾಕಬೇಕೆ, ಸಬ್‌ವೇ ಹತ್ತಬಹುದೆ, ಮಜ್ಜಿಗೆ ಕುಡಿಯಬಹುದೆ? ಅತ್ತೆ ಎಲ್ಲರಿಗೂ ಕೈ ತೊಳೆಯಲು ಹೇಳಿ, ಕೊನೆಗೆ ಒಂದೇ ಮಾತು ಸೇರಿಸುತ್ತಿದ್ದರು. "ಅದು ವೈರಸ್‌ರೀ. ನಮ್ಮವು ಬ್ಯಾಕ್ಟೀರಿಯಾ. ಆ ಮನೆತನದ ಪರಿಚಯ ನನಗ ಅಷ್ಟಿಲ್ಲ."

ಆ ವರ್ಷದ ಆಗಸ್ಟಿನಲ್ಲಿ ಬಂತು, ಕರೆಂಟು ಹೋದ ದಿನ! ನಮ್ಮ ಬೀದಿಯದಷ್ಟೇ ಅಲ್ಲ, ನಮ್ಮ ಊರಿನದಷ್ಟೇ ಅಲ್ಲ, ಅಮೆರಿಕದ ಅರ್ಧ ಪೂರ್ವಭಾಗದ್ದೂ ಒಟ್ಟಿಗೇ. ಮಧ್ಯಾಹ್ನ ಇಳಿಯುವ ಹೊತ್ತು. ವೇರ್‌ಹೌಸಿನ ದೀಪಗಳು ಒಮ್ಮೆಗೇ ಆರಿದವು. ನನ್ನ ಮೇಜಿನ ಫೋನು ಮಾತ್ರ ಬದುಕಿತ್ತು. ಅದು ಬಡಿದುಕೊಂಡಿತು.

"ಕೂಸ," ಎಂದರು ಅತ್ತೆ. ದನಿಯಲ್ಲಿ ನಗು ಇರಲಿಲ್ಲ. "ಜನರೇಟರ್ ಲೈನು ಬ್ಯಾರೆ ಫ್ರೀಜರ್‌ಗೆಲ್ಲಾ ಅದ. ನಂದು ಕಾರಿಡಾರಿನೊಳಗ ಅದ ನೋಡು, ಅದಕ್ಕ ಇಲ್ಲ. ಮೊದಲ ಹಳೇದು. ಬಾಗಲದ ರಬ್ಬರು ಹರದದ. ಈಗಾಗ್ಲೇ ಥರ್ಮಾಮೀಟರಿನ ಮುಳ್ಳು ಏರ್ಲಿಕತ್ತದ."

"ಏನ್ ಬೇಕು ಹೇಳ್ರಿ!"

"ಡ್ರೈ ಐಸ್. ಇಡೀ ಊರಾಗ ಖಾಲಿ ಅಂತ."

ಡ್ರೈ ಐಸ್! ಅಂದರೆ ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್, ಮಾಮೂಲಿ ಐಸಿಗಿಂತ ಎಷ್ಟೋ ಪಟ್ಟು ತಣ್ಣಗೆ. ಐಸ್‌ಕ್ರೀಮ್ ಕಳಿಸಲು ನಮ್ಮ ವೇರ್‌ಹೌಸಿನಲ್ಲಿ ಅದನ್ನು ಪೆಟ್ಟಿಗೆಗಟ್ಟಲೆ ಇಟ್ಟಿರುತ್ತಾರೆ! ನಾನು ಕುರ್ಚಿಯಿಂದ ಹಾರಿದೆ. ನಮ್ಮ ಸೂಪರ್‌ವೈಸರು ಒಬ್ಬ ಪಂಜಾಬಿ ಯಜಮಾನರು, ಎಲ್ಲರಿಗೂ ಪಾಜಿ, ಅಂದರೆ ಅಣ್ಣ. ಅವರಿಗೆ ಹಿಂದಿ, ಇಂಗ್ಲಿಷು, ಕೈಸನ್ನೆ ಎಲ್ಲ ಬೆರೆಸಿ ವಿವರಿಸಿದೆ. ಮನುಷ್ಯನ ಬ್ಯಾಕ್ಟೀರಿಯಾ, ಸೊಪ್ಪಿನ ಬ್ಯಾಕ್ಟೀರಿಯಾ ಎಂದಾಗ ಪಾಜಿ ಸುಮ್ಮನೆ ಕೇಳಿದರು. ಹಸುವಿನ ಕೆಚ್ಚಲು ಎಂದೆ ನೋಡಿ, ಎದ್ದು ನಿಂತರು! ಊರಿನಲ್ಲಿ ಅವರ ಮನೆ ತುಂಬ ಎಮ್ಮೆ ಹಸು ಇದ್ದವಂತೆ. "ಚಲ್ ಪುತ್ತರ್, ಮೈ ಲೇ ಚಲ್ತಾ ಹೂಂ!" ನಡಿ ಮಗಳೇ, ನಾನೇ ಕರೆದುಕೊಂಡು ಹೋಗುತ್ತೇನೆ ಅಂತ.

ಹೊರಡುವ ಮುಂಚೆ ನಾನು ಇನ್ನೊಂದು ಕೆಲಸ ಮಾಡಿದೆ. ಅತ್ತೆ ಒಬ್ಬರೇ ಇದ್ದಾರಲ್ಲ ಎಂದು ಪದ್ಮಕ್ಕನಿಗೆ ಫೋನು ಹಚ್ಚಿ, "ಅತ್ತೆಯ ಫ್ರೀಜರು ಕರಗ್ತಾ ಇದೆ, ಐಸು ಬೇಕಂತೆ" ಎಂದುಬಿಟ್ಟೆ. ಅವಸರದಲ್ಲಿ ಎಂಥ ಐಸು ಅಂತ ಹೇಳಲಿಲ್ಲ.

ದಾರಿಯುದ್ದಕ್ಕೂ ಸಿಗ್ನಲ್ಲು ಸತ್ತಿದ್ದವು. ಒಂದು ಸರ್ಕಲ್ಲಿನಲ್ಲಿ ಚಡ್ಡಿ ಹಾಕಿದ ಒಬ್ಬ ಹುಡುಗ ನಡುರಸ್ತೆಯಲ್ಲಿ ನಿಂತು, ಸಂಗೀತ ಕಚೇರಿ ನಡೆಸುವವನ ಠೀವಿಯಲ್ಲಿ ಟ್ರಾಫಿಕ್ ಬಿಡುತ್ತಿದ್ದ. ಪಾಜಿ ಕಿಟಕಿಯಿಂದ ತಲೆ ಹಾಕಿ "ಬ್ಯಾಕ್ಟೀರಿಯಾ ಎಮರ್ಜೆನ್ಸಿ!" ಎಂದು ಕೂಗಿದರು. ಹಿಂದೆ ಅವರ ಪಿಕಪ್ ಗಾಡಿಯಲ್ಲಿ ಬಿಳಿ ಹೊಗೆಯಾಡುವ ಪೆಟ್ಟಿಗೆಗಳು. ಆ ಹುಡುಗ ನಾಲ್ಕೂ ಕಡೆಯ ಗಾಡಿ ನಿಲ್ಲಿಸಿ ನಮಗೆ ಸೆಲ್ಯೂಟ್ ಹೊಡೆದ!

ಪೆಟ್ಟಿಗೆ ಹೊತ್ತು ಲ್ಯಾಬಿನ ಮಹಡಿ ಹತ್ತಿ ಬಂದರೆ, ಕಿಟಕಿಯ ಸಂಜೆ ಬೆಳಕಿನಲ್ಲಿ ಕಾರಿಡಾರಿನ ತುಂಬ ಕನ್ನಡಿಗರು! ಪದ್ಮಕ್ಕ, ಅವರ ಯಜಮಾನರು, ಪಾಟ್‌ಲಕ್ಕಿನ ಇನ್ನೂ ನಾಲ್ಕೈದು ಮಂದಿ. ಲಿಫ್ಟಿಲ್ಲದೆ ಹತ್ತಿ ಎಲ್ಲರಿಗೂ ಏದುಸಿರು. ಕೈಯಲ್ಲಿ ಪಿಕ್ನಿಕ್ಕಿನ ಐಸ್‌ಬಾಕ್ಸುಗಳು. ಒಳಗೆ ಟ್ರೇ ಐಸು, ಫ್ರೋಜನ್ ಬಟಾಣಿ, ತುರಿದ ತೆಂಗಿನಕಾಯಿಯ ಪ್ಯಾಕೆಟ್ಟು. ಪದ್ಮಕ್ಕನಂತೂ ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದು, ವರ್ಷವಿಡೀ ಬರಲಿ ಎಂದು ಜೋಪಾನ ಮಾಡಿದ ಹಿದಕಿದ ಅವರೆಬೇಳೆಯನ್ನು ತಂದಿದ್ದರು!

"ತಗೊಳ್ಳಿ ಮೇಡಂ, ಕಲ್ಲಿನಂಗಿದೆ. ಇದ್ನ ಒಳಗಿಡಿ. ನಮ್ಮ ಮನೇಲಿ ಹೆಂಗೂ ಕರಗೋಗುತ್ತೆ."

ನಾನು ನಾಲಿಗೆ ಕಚ್ಚಿಕೊಂಡೆ. ಮೈನಸ್ ಎಂಬತ್ತಕ್ಕೆ ಮನೆಯ ಐಸು ಎಂದರೆ ಬಿಸಿನೀರಿದ್ದ ಹಾಗೆ. ಒಳಗಿಟ್ಟರೆ ಫ್ರೀಜರು ಇನ್ನೂ ಬೇಗ ಕೆಡುತ್ತದೆ! ಮೊಸರಿನ ಬಗ್ಗೆಯೇ ಒಂದು ಮಾತು ಬಿಟ್ಟುಕೊಡದ ಅತ್ತೆ ಈಗ ಇವರಿಗೆಲ್ಲ ಶಾಖದ ಪಾಠ ಶುರು ಮಾಡುತ್ತಾರೆ, ಎಲ್ಲರೂ ಮುಖ ಗಂಟಿಕ್ಕಿಕೊಂಡು ಇಳಿದು ಹೋಗುತ್ತಾರೆ ಎಂದುಕೊಂಡೆ.

ಅತ್ತೆ ಅವರೆಬೇಳೆಯ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಫ್ರೀಜರಿನ ನೆತ್ತಿಯ ಮೇಲೆ, ಹೊರಗೆ, ಮೆಲ್ಲಗೆ ಇಟ್ಟರು. ಪಕ್ಕದಲ್ಲಿ ತೆಂಗಿನಕಾಯಿ, ಅದರ ಪಕ್ಕ ಬಟಾಣಿ.

"ಛಲೋ ಮಾಡಿದ್ರಿ," ಎಂದರು. "ಮ್ಯಾಲಿನ ಬಿಸಿ ತಡೀತದ."

ನನ್ನ ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ಬಾಗಿಲು ತೆಗೆದರು. ಒಳಗಿನಿಂದ ಬೆಳ್ಳಗೆ ಮಂಜಿನ ಹೊಗೆ ಹೊರಳಿ ಬಂತು. ಬ್ಯಾಕ್ಟೀರಿಯಾ ಹೊರಗೆ ಬಂದವು ಎಂದು ಪದ್ಮಕ್ಕನ ಯಜಮಾನರು ಹೆಂಡತಿಯನ್ನೂ ಬಿಟ್ಟು ಮೆಟ್ಟಿಲಿನ ಕಡೆ ಓಡಿದರು! ಪಾಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಪಾಜಿಯೂ ದಪ್ಪ ಗ್ಲೌಸು ಹಾಕಿ ಡ್ರೈ ಐಸ್ ಸುರಿದೆವು. ಅತ್ತೆ ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತರು. ಮುಳ್ಳು ನಿಂತಿತು. ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಕಾರಿಡಾರಿನಲ್ಲಿ ಚಪ್ಪಾಳೆ!

ಕತ್ತಲಾಗುವ ಮುಂಚೆ ಮನೆ ಸೇರಬೇಕೆಂದು ಎಲ್ಲರೂ ಹೊರಟರು. ಪಾಜಿ ಗಾಡಿಯ ಹತ್ತಿರ ಹೋದರು. ಫ್ರೀಜರಿನ ಕೊನೆಯ ಖಾನೆಗೆ ಐಸ್ ಹಾಕುವುದು ಬಾಕಿ ಇತ್ತು. ಅತ್ತೆ ಅಲ್ಲಿಂದ ಒಂದು ಟ್ಯೂಬ್ ತೆಗೆದು ಗ್ಲೌಸಿನ ಅಂಗೈಯಲ್ಲಿ ಹಿಡಿದು, ಕರಗಿಲ್ಲವೆಂದು ನೋಡಿಕೊಂಡರು. ಬೇರೆ ಯಾವುದನ್ನೂ ಹಾಗೆ ನೋಡಿರಲಿಲ್ಲ.

"ಅದು ಯಾವದು ಅತ್ತಿ? ಹಸುವಿಂದೋ, ಸೊಪ್ಪಿಂದೋ?"

"ನಿಮ್ಮ ಮಾಮಾನ ಎದಿಯೊಳಗಿಂದು."

ಮಾಮ ಎಂದರೆ ಅತ್ತೆಯ ಗಂಡ. ನಾನು ಈ ದೇಶಕ್ಕೆ ಬರುವ ಮೊದಲೇ ಶ್ವಾಸಕೋಶದ ಸೋಂಕಿನಿಂದ ಆಸ್ಪತ್ರೆಯಲ್ಲಿ ತೀರಿಕೊಂಡವರು. ಅವರ ಮಾತನ್ನು ಅತ್ತೆ ಎತ್ತುತ್ತಲೇ ಇರಲಿಲ್ಲ. ನನ್ನ ಬಾಯಿ ಸುಮ್ಮನಿರಲಿಲ್ಲ. "ಇದರ ಮ್ಯಾಲೆ ನಿಮಗ ಸಿಟ್ಟು ಬರಂಗಿಲ್ಲೇನು?"

"ಬರ್ತದ. ಭಾಳ ಬರ್ತದ. ಸುಟ್ಟು ಬಿಡಬೇಕಂತ ಎಷ್ಟೋ ಸಲ ಹೊರಗ ತಗದೀನಿ." ಟ್ಯೂಬನ್ನು ಒಮ್ಮೆ ತಿರುಗಿಸಿದರು. "ಕಡೀ ವಾರ ನನ್ನ ಹೊರಗ ಕೂಡಿಸಿದ್ರು ಕೂಸ, ಒಳಗ ಬಿಡಲಿಲ್ಲ. ಉಸಿರು ಇರೋತನಕ ಅವರ ಜೋಡಿ ಇದ್ದದ್ದು ಇದೊಂದ. ಹೆಂಗ ಒಗೀಲಿ?"

ಅವರು ಟ್ಯೂಬನ್ನು ಅದರ ಜಾಗದಲ್ಲಿ ಇಟ್ಟರು. ನಾನು ಪೆಟ್ಟಿಗೆಯಲ್ಲಿ ಉಳಿದಿದ್ದ ಡ್ರೈ ಐಸನ್ನೆಲ್ಲ ಅದರ ಸುತ್ತಲೇ ಸುರಿದೆ. ಅಷ್ಟು ಬೇಕಿರಲಿಲ್ಲ. ಅತ್ತೆ ಸಾಕು ಎನ್ನಲಿಲ್ಲ.